ಲಂಗರುಗಲ್ಲಿನ ಗಂಟು

ನಾನು ಒಂದು ಲಂಗರುಗಲ್ಲು. ಬೆಂಕಿಯ ಹೊಟ್ಟೆಯಲ್ಲಿ ಹುಟ್ಟಿದವನು, ಈಗ ನೀರಿನ ತಳದಲ್ಲಿದ್ದೇನೆ.

ಒಂಬತ್ತು ಕೋಟಿ ವರ್ಷಗಳ ಹಿಂದೆ ಎನ್ನಿ, ಈ ನೆಲದ ಪಡುವಣಕ್ಕೆ ಇಂದಿನ ಕಡಲಿರಲಿಲ್ಲ. ನೀವು ಮಡಗಾಸ್ಕರ್ ಎನ್ನುವ ನೆಲ ನಮ್ಮ ಪಕ್ಕೆಗೆ ಪಕ್ಕೆ ಒತ್ತಿ ಮಲಗಿತ್ತು. ಭೂಮಿಯ ಒಡಲು ಕುದಿಯಿತು. ಆ ಕುದಿತಕ್ಕೆ ಮೇಲಿನ ನೆಲ ಹಿಗ್ಗಿತು, ತೆಳ್ಳಗಾಯಿತು, ಸೀಳಿತು. ಸೀಳಿದ ಗಾಯದಿಂದ ನಾನು ಕೆಂಡದ ಗಂಜಿಯಾಗಿ ಉಕ್ಕಿದೆ. ಬೆಟ್ಟಗಳು ಕುಸಿದವು, ಕಾಡುಗಳು ನಿಂತಲ್ಲೇ ಉರಿದವು. ಆರುತ್ತ ಆರುತ್ತ ನಾವು ಬಿರಿದು, ಉಳಿಯಲ್ಲಿ ಕಡೆದಂಥ ಕಂಬಗಳಾಗಿ ನಿಂತೆವು. ಕಣ್ಣು ಬಿಡುವಾಗ ಒಡಹುಟ್ಟಿದ ನೆಲ ದೂರ ಸರಿಯುತ್ತಿತ್ತು, ನಡುವೆ ಉಪ್ಪುನೀರು ನುಗ್ಗುತ್ತಿತ್ತು. ಕರೆದೆ. ಕಲ್ಲಿನ ಕರೆ ಯಾರಿಗೆ ಕೇಳೀತು?

ಆಮೇಲೆ ನಮ್ಮ ನೆಲ ನಮ್ಮನ್ನು ಹೊತ್ತು ಬಡಗಣಕ್ಕೆ ಹೊರಟಿತು. ಒಂದು ಕಾಲದಲ್ಲಿ ವರ್ಷಕ್ಕೆ ಗೇಣಿಗೆ ತುಸು ಕಡಿಮೆ ಸರಿಯುತ್ತಿತ್ತು. ನೆಲದ ಮಟ್ಟಿಗೆ ಅದು ಓಟವೇ. ಓಡಿಹೋಗಿ ಏಷ್ಯಾಕ್ಕೆ ಹಣೆ ಗುದ್ದಿತು. ನಡುವಿದ್ದ ಕಡಲತಳ ಮಡಚಿ ಮೇಲೆದ್ದು ಹಿಮಾಲಯವಾಯಿತು. ಮೀನಿದ್ದಲ್ಲಿ ಮಂಜು ಕೂತಿತು. ಆ ಗುದ್ದಾಟ ಇನ್ನೂ ಮುಗಿದಿಲ್ಲ.

ಮಲ್ಪೆಯ ಎದುರಿನ ದ್ವೀಪದಲ್ಲಿ ನಾನು ಅಲೆಯ ಏಟು ತಿನ್ನುತ್ತಿದ್ದೆ. ಒಂದು ಮಳೆಗಾಲ ಕಂಬದಿಂದ ಮುರಿದುಬಿದ್ದೆ. ದೂಮಣ್ಣನೆಂಬ ಮೊಗವೀರ ನನ್ನನ್ನು ದೋಣಿಗೆ ಹೊರಳಿಸಿಕೊಂಡ. ನನ್ನ ಸೊಂಟದ ಸುತ್ತ ಗೀರು ಕೊರೆದು ಹಗ್ಗ ಬಿಗಿದ. ಹಗ್ಗದ ಇನ್ನೊಂದು ತುದಿಯನ್ನು ದೋಣಿಯ ಅಡ್ಡಮರಕ್ಕೆ ಗಂಟು ಹಾಕಿ, ತಂಗಿಯ ಇಬ್ಬರು ಗಂಡುಮಕ್ಕಳಿಗೆ ಹೇಳಿದ: "ಈ ಗಂಟು ಬಿಚ್ಚುವ ಹಾಗಿಲ್ಲ, ಗೊತ್ತಾಯ್ತಾ? ಬಿಚ್ಚಿದರೆ ದೋಣಿ ಸೀದಾ ಬಂಡೆಗೆ ಹೋಗ್ತದೆ."

ಭಜನಾ ಮಂದಿರದ ತಾಳ ಕಿವಿಯಲ್ಲಿರುವಾಗಲೇ ಹರಿನಾಮ ಹೇಳಿ ದೋಣಿ ನೂಕುತ್ತಿದ್ದರು. ಅದು ನನ್ನ ಒಳ್ಳೆಯ ಕಾಲ.

ದೂಮಣ್ಣ ಕೆಮ್ಮಿ ಕೆಮ್ಮಿ ತೀರಿಕೊಂಡ. ಮಾವನ ಸೊತ್ತು ತಂಗಿಯ ಮಕ್ಕಳಿಗೆ ಬರುವ ಅಳಿಯಕಟ್ಟಿನಂತೆ ದೋಣಿ, ಬಲೆ ಇಬ್ಬರು ಅಳಿಯಂದಿರಿಗೂ ಸೇರಬೇಕು. ದೊಡ್ಡವ ಸೂರಪ್ಪ ಎಲ್ಲವನ್ನೂ ತಾನೇ ಇಟ್ಟುಕೊಂಡ. ಚಿಕ್ಕವ ಲೋಕು ಸಣ್ಣದೊಂದು ದೋಣಿ ಮಾಡಿ, ಅಣ್ಣ ಬಲೆ ಬಿಟ್ಟಲ್ಲೇ ತಾನೂ ಬಿಡತೊಡಗಿದ. ಒಂದೇ ಮನೆಯಲ್ಲಿ ಉಂಡರೂ ಮಾತಿಲ್ಲ. ಆ ಬಿರುಕು ನನಗೆ ಹೊಸದಲ್ಲ.

ಒಂದು ಮಧ್ಯಾಹ್ನ ದ್ವೀಪದ ಹತ್ತಿರ ಬಲೆಗೆ ಬಲೆ ಸಿಕ್ಕಿಕೊಂಡಿತು. ಲೋಕು ಕತ್ತಿ ತೆಗೆದು ಅಣ್ಣನ ಬಲೆಯನ್ನೇ ಕಡಿದ.

"ಮಾವನ ಬಲೆಯಾ ಅದು, ಬೇವರ್ಸಿ!" ಸೂರಪ್ಪ ಕೂಗಿದ.

"ದೋಣಿ ನಿಂಗೆ, ಬಲೆ ನಿಂಗೆ. ನಂಗೆ ಮಾವನ ಕೆಮ್ಮು ಮಾತ್ರವಾ?" ಲೋಕು ನಕ್ಕ.

ದೋಣಿಗೆ ದೋಣಿ ಬಡಿಯಿತು. ಇಬ್ಬರು ಎತ್ತುವ ನನ್ನನ್ನು ಸೂರಪ್ಪ ಒಬ್ಬನೇ ಎತ್ತಿ ತಮ್ಮನ ಮೇಲೆಸೆದ. ನಾನು ಲೋಕುವಿನ ಪಾದದ ಮೇಲೆ ಬಿದ್ದೆ. ಎಲುಬು ನುಗ್ಗಾದದ್ದು ನನಗೆ ತಿಳಿಯಿತು. ಪಕ್ಕದ ಹಲಗೆ ಸೀಳಿ ನೀರು ಬುಗ್ಗೆಯೆದ್ದಿತು.

ಸಿಟ್ಟಿನಲ್ಲಿ ಸೂರಪ್ಪ ಗಂಟನ್ನು ಮರೆತಿದ್ದ. ನನ್ನ ಹಗ್ಗ ಅವನ ದೋಣಿಗೇ ಕಟ್ಟಿತ್ತು. ತಮ್ಮನ ದೋಣಿ ಮುಳುಗುತ್ತ ಬಂದಂತೆ ಹಗ್ಗ ಬಿಗಿದು ಅಣ್ಣನ ದೋಣಿಯೂ ವಾಲಿತು.

ಸೂರಪ್ಪನ ಹಿಂದೆ ಹುಟ್ಟು ಹಿಡಿದು ಕೂತಿದ್ದ ಮುದುಕ ಐತಪ್ಪಜ್ಜ ಅರಚಿದ: "ಕಡಿ ಮಗಾ, ಹಗ್ಗ ಕಡಿ! ನಾವೂ ಹೋಗ್ತೇವೆ!"

ಸೂರಪ್ಪ ಕತ್ತಿಯನ್ನು ಹಗ್ಗದ ಮೇಲಿಟ್ಟ. ಲೋಕುವಿಗೆ ಕುತ್ತಿಗೆಯವರೆಗೆ ನೀರು. ಪಾದ ನನ್ನಡಿಯಲ್ಲಿ.

"ಕಡಿ, ಕಡಿ." ಅವನು ಉಪ್ಪುನೀರು ಉಗುಳಿದ. "ಅಮ್ಮನಿಗೆ ಮಾತ್ರ ನೀನೇ ಹೇಳು."

ಸೂರಪ್ಪ ಕತ್ತಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡ. ಎರಡೂ ಕೈಯಿಂದ ಹಗ್ಗ ಜಗ್ಗಿದ. ಅಂಗೈ ಸುಲಿದು ನೆತ್ತರು ಹಗ್ಗದ ಮೇಲೆ ಇಳಿಯಿತು. ಅಜ್ಜನೂ ಬೈಯುತ್ತಲೇ ಕೈ ಹಾಕಿದ. ನಾನು ಗೇಣುದ್ದ ಮೇಲೆದ್ದೆ; ಲೋಕು ಕಾಲು ಎಳೆದುಕೊಂಡ. ಅಣ್ಣ ಅವನನ್ನು ಕೂದಲು ಹಿಡಿದು ಒಳಗೆಳೆದ, ಕೆನ್ನೆಗೊಂದು ಬಾರಿಸಿದ, ಆಮೇಲೆ ಹಗ್ಗ ಕಡಿದ.

ಒಡೆದ ದೋಣಿಯ ಜೊತೆ ನಾನು ತಳ ಸೇರಿದೆ.

ಈಗ ತಲೆಯ ಮೇಲೆ ಒಂದೇ ದೋಣಿಯ ನೆರಳು ಹಾಯುತ್ತದೆ.

"ಕುಂಟುಕಾಲು ಆಚೆ ತೆಗಿಯಾ!"

"ಕುಂಟು ಮಾಡಿದ್ದು ಯಾರಪ್ಪಾ?"

ಕೇಳುತ್ತ ಮಲಗಿದ್ದೇನೆ. ನೆಲ ಇನ್ನೂ ಉಗುರು ಬೆಳೆದಷ್ಟು ಮೆಲ್ಲಗೆ ಬಡಗಣಕ್ಕೆ ಸರಿಯುತ್ತಿದೆ. ಎಲ್ಲ ಹರಿಯ ಚಿತ್ತ. ಪಡುವಣಕ್ಕೆ ಉಳಿದ ಆ ಒಡಹುಟ್ಟಿದ ನೆಲವೂ ನಾವೂ ಸೀಳಿ ಬೇರೆಯಾದ ದಿನ ನಮ್ಮ ನಡುವೆ ಗಂಟು ಹಾಕಿದವರು ಯಾರೂ ಇರಲಿಲ್ಲ. ನನ್ನ ಸೊಂಟದಲ್ಲಿ ಹಗ್ಗದ ತುಂಡೊಂದು ಉಳಿದಿದೆ. ಇಳಿತದ ನೀರು ಎಳೆದಾಗ ಅದರ ಕಡಿದ ತುದಿ ಪಡುವಣಕ್ಕೆ ಚಾಚುತ್ತದೆ.