ಹೊಸ್ತಿಲ ಮೇಲಿನ ಕಾಯಿಗಳು

ಪ್ರೊಕೋಪಿಸ್ ನೆಲ ನೋಡಿ ನಡೆದದ್ದನ್ನು ನಾನು ಬಹುಕಾಲ ಕಂಡಿರಲಿಲ್ಲ. ಕತ್ತೆತ್ತಿ, ಕೊಯ್ಲು ಮುಗಿದ ತೋಟಗಳ ಕೊಂಬೆ ಕೊಂಬೆಯನ್ನೂ ಜಾಲಾಡುತ್ತ, ಯಾರ ಮರದಲ್ಲಾದರೂ ಒಂದು ಆಲಿವ್ ಕಾಯಿ ಉಳಿದಿದ್ದರೆ ಕಿತ್ತು ಹಳೆಯ ಸೈನಿಕ ಕೋಟಿನ ಎಡಜೇಬಿಗೆ ಸೇರಿಸಿ, ಸಂಜೆಯೊಳಗೆ ಆ ಮನೆಯ ಹೊಸ್ತಿಲ ಮೇಲೆ ಇಟ್ಟು ಹೋಗುತ್ತಿದ್ದ. ಬಲಜೇಬಿನಲ್ಲಿ ಸದಾ ಒಂದು ಹಿಡಿ ಮಣ್ಣು. ಮಾತಿನ ನಡುವೆ ಅದನ್ನು ಮೂಸುವುದು ಅವನ ಚಾಳಿ.

ನನ್ನದು ಎಣ್ಣೆಗಾಣ, ನನ್ನ ಹೊಸ್ತಿಲಿಗೂ ಆ ಮರ್ಯಾದೆ ಸಂದಿತ್ತು. "ಎರಡೇ ಕಾಯಿ ಅಲ್ವಾ ಮಾವ?" ಎಂದರೆ ಸಿಡುಕಿದ: "ಎರಡು ಕಾಯಿ ಅಲ್ಲವೋ, ಕಾಯಿ ಕೊರೆಯೋ ನೊಣಕ್ಕೆ ಎರಡು ತೊಟ್ಟಿಲು! ಚಳಿಗಾಲ ಪೂರ್ತಿ ಹುಳ ಅದರಲ್ಲಿ ಮಲಗಿದ್ದು, ವಸಂತದಲ್ಲಿ ಎದ್ದು ಊರನ್ನೇ ತಿನ್ನುತ್ತೆ."

ಲೆಸ್ಬೋಸ್ ದ್ವೀಪದ ನಮ್ಮೂರು ವಿಷ ಸಿಂಪಡಿಸುವುದನ್ನು ಬಿಟ್ಟದ್ದು ಅವನ ಮಾತಿಗೆ. ಮರಗಳ ನಡುವೆ ಕಾಳುಬಳ್ಳಿ ಬಿತ್ತಿ, ಹೂ ಬಿಡುವಾಗಲೇ ಕೊಯ್ದು ಗೊಬ್ಬರವಾಗಿ ಮಣ್ಣಿಗೆ ಹೊದಿಸುವುದನ್ನೂ, ಮೀನಿನ ಉಪ್ಪುನೀರಿನ ಬಾಟಲಿ ತೂಗುಹಾಕಿ ನೊಣ ಹಿಡಿಯುವುದನ್ನೂ ಕಲಿಸಿದವನು ಅವನೇ. ಒಂದು ಬೆಳೆ ಕೈಕೊಟ್ಟರೂ ಜನ ಮತ್ತೆ ವಿಷಕ್ಕೇ ಕೈಚಾಚುತ್ತಾರೆಂಬ ದಿಗಿಲು ಅವನನ್ನು ಎಂದೂ ಬಿಡಲಿಲ್ಲ.

ಆ ಶರತ್ಕಾಲದಲ್ಲಿ ಅವನ ತಮ್ಮ ಇಗ್ನಾಟಿಸ್ ತೀರಿಕೊಂಡ. ಸತ್ತವನ ಮರಕ್ಕೆ ಆ ವರ್ಷ ಕೈಹಚ್ಚದಿರುವುದು ನಮ್ಮೂರ ಸೂತಕ. ತಮ್ಮ ಹುಟ್ಟಿದಾಗ ಅಪ್ಪ ನೆಟ್ಟ ಮರ, ಕಪ್ಪು ಕಾಯಿ ತುಂಬಿ ನಿಂತಿತ್ತು. ಪ್ರೊಕೋಪಿಸ್ ಅದಕ್ಕೆ ಏಣಿ ಒರಗಿಸಿದ. ಮೂರು ದಿನ ಏಣಿ ಹಾಗೇ ಇತ್ತು. ನಾಲ್ಕನೆಯ ದಿನ ಒಂದು ಕಾಯಿಯನ್ನೂ ಕೀಳದೆ ಹೊತ್ತುಕೊಂಡು ಹೋದ.

ಮುಂದಿನ ಕೊಯ್ಲಿಗೆ ಊರ ಕಾಯಿಗಳೆಲ್ಲ ತೂತು, ಎಣ್ಣೆಯೆಲ್ಲ ಕಮಟು. ಸರಿಯಾಗಿ ಚಳಿಯೇ ಬೀಳಲಿಲ್ಲವೆಂದು ಎಲ್ಲರೂ ಹವೆಯನ್ನು ಶಪಿಸಿದರು, ಅದೂ ನಿಜವಿರಬಹುದು. ಗಾಣದ ಮುಂದೆ ಸರದಿಯಲ್ಲಿದ್ದ ಪ್ರೊಕೋಪಿಸ್ ಮಾತ್ರ, "ಹವೆಯನ್ನ ಯಾಕ್ರೋ ಬೈತೀರಿ? ನೊಣ ಎದ್ದಿದ್ದು ನನ್ನ ತಮ್ಮನ ಮರದಿಂದ" ಎಂದ.

"ಬಿಡು ಮಾವ, ಒಂದು ಮರದಿಂದ ಊರು ಕೆಡುತ್ತಾ?" ಎಂದೆ, ಸಮಾಧಾನಕ್ಕೆ.

"ಹಾಗಾದ್ರೆ ಇಷ್ಟು ವರ್ಷ ನಾನು ಹೇಳಿದ್ದೆಲ್ಲ ಸುಳ್ಳಾ?"

ನನ್ನ ಆ ಸಮಾಧಾನದ ಮಾತಿಗೆ ಇಂದಿಗೂ ನಾಚುತ್ತೇನೆ.

ಮರುದಿನ ಅವನ ಮನೆಯ ಹೊಸ್ತಿಲ ಮೇಲೆ ಇಗ್ನಾಟಿಸನ ಮರದ ತೂತುಗಾಯಿಗಳ ರಾಶಿ ಬಿದ್ದಿತ್ತು. ಸುರಿದವನು ಅವನೇ. ಅಂದಿನಿಂದ ಅವನು ಯಾರ ತೋಟಕ್ಕೂ ಬರಲಿಲ್ಲ, ಯಾರನ್ನೂ ಗದರಲಿಲ್ಲ. ನೆಲ ನೋಡಿಕೊಂಡೇ ನಡೆದ. ಬೇಸಿಗೆಗೆ ಊರು ಮತ್ತೆ ವಿಷದ ಪಂಪನ್ನು ಹೆಗಲಿಗೇರಿಸಿತು.

ಇಂಥವರು ನಮ್ಮ ತಪ್ಪುಗಳನ್ನು ಹೆಕ್ಕಿ ಹೊಸ್ತಿಲವರೆಗೆ ತಂದಿಡುತ್ತಾರೆ. ನಾವು ಗುಡಿಸಿ, ಒಳಗೆ ಹೋಗಿ, ಉಂಡು ಮಲಗುತ್ತೇವೆ. ತಮ್ಮ ತಪ್ಪೊಂದು ಹೊಸ್ತಿಲಲ್ಲಿ ಬಿದ್ದರೆ ಮಾತ್ರ ಅದನ್ನು ದಾಟಿ ಮನೆಯೊಳಗೆ ಹೋಗುವುದು ಅವರಿಗೆ ಕಡೆತನಕ ಸಾಧ್ಯವಾಗುವುದಿಲ್ಲ.