ಮೇಲಿನ ಬೀದಿಗೆ ನೀರು ಹತ್ತಿದ ದಿನ

ಪಂಪಿಲ್ಲದೆ ನೀರು ಏರು ಹತ್ತುತ್ತದೆ ಎಂದರೆ ಮೇಲಿನ ಬೀದಿಯವರು ನಂಬಿರಲಿಲ್ಲ. ಗುಡ್ಡದ ಮೇಲಿನ ಸಣ್ಣ ಜಲಾಶಯದಿಂದ ಹೊರಟ ಕೊಳವೆ ಮೊದಲು ಕೆಳಗಿನ ಬೀದಿಗೆ ಇಳಿದು, ಅಲ್ಲಿಂದ ಮತ್ತೆ ಮೇಲಿನ ಬೀದಿಗೆ ಏರುತ್ತಿತ್ತು. ಜಲಾಶಯದ ನೀರಿನ ಮಟ್ಟ ಆ ಬೀದಿಗಿಂತ ಒಂದಾಳು ಎತ್ತರವಷ್ಟೇ. ಕೆಳಗೆ ಒಂದು ನಲ್ಲಿ ತೆರೆದಿದ್ದರೂ ನೀರಿಗೆ ಮೇಲೇರುವ ದಮ್ಮು ಉಳಿಯುವಂತಿರಲಿಲ್ಲ.

ಊರಿಗೆ ನೀರು ಬಿಡುವ ಹೊಸ ನೀರುಗಂಟಿ ಇದನ್ನು ಮನೆಮನೆಗೂ ಹೋಗಿ ಹೇಳಿ, ನಲ್ಲಿ ಮುಚ್ಚಿಡಿ ಎಂದಿದ್ದಳು. ಹುಟ್ಟಿದ್ದು ಕೆಳಗಿನ ಬೀದಿಯಲ್ಲಿ, ಮದುವೆಯಾಗಿ ಬಂದದ್ದು ಮೇಲಿನ ಬೀದಿಗೆ. ಹಾಗಾಗಿ ಎರಡೂ ಕಡೆ ಬೈಯುವ ಹಕ್ಕು ಅವಳಿಗಿತ್ತು. ಸಂಜೆಯೊಳಗೆ ನೀರು ಹತ್ತದಿದ್ದರೆ ಮೇಲಿನ ಕವಲು ಕೊಳವೆಗೆ ಬಿರಡೆ ಜಡಿದು ಹೋಗುವುದಾಗಿ ಕೊಳವೆ ಹಾಕಿಸಿದ ಗುತ್ತಿಗೆದಾರ ಹೇಳಿಬಿಟ್ಟಿದ್ದ. ಹಾಗಾದರೆ ಅವಳ ಅತ್ತೆ ನೋಯುವ ಮೊಣಕಾಲಿನಲ್ಲೇ ಕೊಡ ಹೊತ್ತು ಏರು ಹತ್ತುವುದು ತಪ್ಪುವಂತಿರಲಿಲ್ಲ.

ಜಲಾಶಯದ ಏರಿಯ ಮೇಲೆ ನಿಂತು ಅವಳು ವಾಲ್ವಿನ ಚಕ್ರ ತಿರುಗಿಸಿದಳು. ಕೊಳವೆ ಒಮ್ಮೆ ಗುಡುಗಿತು. "ಹೊರಟ್ತು! ಹೊರಟ್ತು!" ಎಂದು ಜನ ಕೂಗಿಕೊಂಡು ಇಳಿಜಾರಿನಲ್ಲಿ ಓಡಿದರು. ಕೆಳಗಿನ ಬೀದಿಯೂ ಮನೆಗೆ ಬೀಗ ಹಾಕಿ, ಅವಳ ಅತ್ತೆಯ ಅಂಗಳದ ನಲ್ಲಿಯ ಸುತ್ತ ಸೇರಿತು. ಅವಳ ಅಮ್ಮನೂ ಒಳ್ಳೆಯ ಬಟ್ಟೆ ಉಟ್ಟು ಬಂದಿದ್ದಳು.

ಎಲ್ಲರೂ ಕಾದರು. ನಲ್ಲಿ ಬಾಯಿ ಬಿಡಲಿಲ್ಲ.

"ನಿನ್ನ ಸೊಸೆಯ ಹಾಗೇ ಇದೆಯಲ್ಲಮ್ಮ ಈ ನಲ್ಲಿ, ಕರೆದರೂ ಮಾತಿಲ್ಲ," ಎಂದ ಗುತ್ತಿಗೆದಾರ, ಬಿರಡೆಯನ್ನು ಅಂಗೈಯಲ್ಲಿ ಆಡಿಸುತ್ತ.

"ಅವಳಾ? ಅವಳ ಬಾಯಿ ಮುಚ್ಚೋ ಬಿರಡೆ ನಿನ್ ಹತ್ರ ಇಲ್ಲ ಬಿಡು," ಎಂದಳು ಅತ್ತೆ.

ಸೊಸೆ ಆಗಲೇ ಕೆಳಗಿನ ಬೀದಿಯಲ್ಲಿದ್ದಳು. ಅಲ್ಲಿಯವರ ಅಭ್ಯಾಸ ಅವಳಿಗೆ ಗೊತ್ತಿತ್ತು. ಹೊತ್ತುಗೊತ್ತಿಲ್ಲದೆ ಕೊಳವೆಬಾವಿಯ ನೀರು ಬರುತ್ತಿದ್ದ ಕಾಲದಿಂದಲೂ ಅವರು ನಲ್ಲಿ ತೆರೆದಿಟ್ಟು, ಕೆಳಗೆ ತಗಡಿನ ಡಬ್ಬಿ ಇಟ್ಟು ಹೋಗುತ್ತಿದ್ದರು. ಡಬ್ಬಿ ಸದ್ದಾದರೆ ನೀರು ಬಂತೆಂದು ಅರ್ಥ.

ಕ್ಷೌರಿಕ ಒಬ್ಬ ಮಾತ್ರ ಅಂಗಡಿಯಲ್ಲೇ ಉಳಿದಿದ್ದ; ಅದರ ಹಿಂದೆ ಒಂದು ಡಬ್ಬಿ ತುಂಬಿ ಹರಿಯುತ್ತಿತ್ತು. "ಅಣ್ಣಾ, ನಿನ್ನೆ ತಾನೇ ಹೇಳಲಿಲ್ವಾ?"

"ನೀನು ಹೇಳ್ದೆ ಕಣಮ್ಮ. ನಾನೂ ತಲೆ ಆಡ್ಸಿದೆ. ಕೈ ಕೇಳ್ಬೇಕಲ್ಲ!"

ಅದನ್ನು ಮುಚ್ಚಿ, ದರ್ಜಿಯ ಅಂಗಳದ್ದನ್ನೂ ಮುಚ್ಚಿ ಅವಳು ಬೀದಿಗೆಲ್ಲ ಕೇಳುವಂತೆ ಕೂಗಿದಳು: "ಇನ್ನೊಂದು ಡಬ್ಬಿ ಸಿಕ್ಕಿದ್ರೆ, ಇಟ್ಟವರು ಅದೇ ಡಬ್ಬಿಲಿ ನಮ್ಮತ್ತೆ ಡ್ರಮ್ ತುಂಬಿಸ್ಬೇಕು! ಯಾರೇ ಆಗ್ಲಿ, ಬಿಡಲ್ಲ!"

ಮೂಲೆಯಲ್ಲಿ ಕೊಳವೆ ಹೊರಗೆ ಕಾಣುತ್ತಿತ್ತು. ಅದರ ಮೇಲೆ ಅಂಗೈ ಇಟ್ಟಳು. ಇನ್ನೂ ಸಣ್ಣಗೆ ನಡುಗುತ್ತಿತ್ತು, ಒಳಗೆ ನೀರು ಓಡುತ್ತಿತ್ತು. ಮೇಲಿನ ಬೀದಿಯ ನಲ್ಲಿ ಒಣಗಿದೆ. ಹಾಗಾದರೆ ಇಲ್ಲೇ ಎಲ್ಲೋ ನೀರು ಸೋರಿಹೋಗುತ್ತಿದೆ. ಬಿಸಿಲು ಇಳಿಯುತ್ತಿತ್ತು. ಅವಳ ಕಣ್ಣು ಚರಂಡಿಯ ಮೇಲೆ ಬಿತ್ತು. ಬೀದಿಗೆಲ್ಲ ಒಣಚರಂಡಿ, ಒಂದು ಕಡೆಯಿಂದ ಮಾತ್ರ ಹಸಿ ಗೆರೆಯೊಂದು ಹರಿದು ಬರುತ್ತಿತ್ತು.

"ಸಿಕ್ಕಿಬಿದ್ರಿ!" ಎಂದು ಗೆರೆಯ ಹಿಂದೆ ಓಡಿದಳು. ಅದು ದರ್ಜಿಯ ಮನೆ ದಾಟಿತು, ತಿರುವು ದಾಟಿತು, ಬೀಗ ಹಾಕಿದ ಒಂದು ಮನೆಯ ಹಿತ್ತಿಲ ಬಾಗಿಲಡಿ ನುಸುಳಿತು.

ಅದು ಅವಳ ತವರುಮನೆ.

ಹಿತ್ತಿಲ ಬಾಗಿಲ ಅಗುಳಿ ಸರಿಸಿ ಒಳಹೊಕ್ಕಳು. ನಲ್ಲಿ ಪೂರ್ತಿ ತೆರೆದಿತ್ತು. ಕೆಳಗೆ, ಅವಳು ಹುಡುಗಿಯಾಗಿದ್ದಾಗಿನಿಂದ ಇಡುತ್ತಿದ್ದ, ಅಂಚು ನೆಗ್ಗಿದ ಅದೇ ಡಬ್ಬಿ. ಬೆಳಿಗ್ಗೆ ಅಮ್ಮನನ್ನು ಕರೆಯಲು ಬಂದವಳು, ಹೊಸ ನಲ್ಲಿ ಹೇಗಿದೆ ನೋಡೋಣವೆಂದು ತಿರುಗಿಸಿದ್ದಳು. ನೀರಿರಲಿಲ್ಲ. ಯೋಚಿಸದೆ ಡಬ್ಬಿ ಇಟ್ಟು ಹೋಗಿದ್ದಳು. ಇಟ್ಟವರು ಯಾರೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

ನಲ್ಲಿ ಮುಚ್ಚಿದಳು. ಓಡಿ ಬಂದು ಕೊಳವೆ ಮುಟ್ಟಿದಳು. ಈಗಿನ ನಡುಕ ಬೇರೆ: ಬಿಟ್ಟುಬಿಟ್ಟು, ಯಾರೋ ಮೆಟ್ಟಿಲು ಹತ್ತುವ ಹಾಗೆ. ಡಬ್ಬಿ ಹಿಡಿದುಕೊಂಡೇ ಏರು ಹತ್ತಿದಳು. ಅರ್ಧ ದಾರಿಗೇ ಅತ್ತೆಯ ದನಿ ಕೇಳಿಸಿತು.

"ಸೀನ್ತಾ ಇದೆ! ನಲ್ಲಿ ಸೀನ್ತಾ ಇದೆ ಕಣ್ರೋ!"

ನಲ್ಲಿ ಗಾಳಿ ಬಿಟ್ಟಿತು, ಕೆಂಪು ನೀರು ಉಗುಳಿತು, ಇನ್ನೊಮ್ಮೆ ಸೀನಿ, ತಿಳಿನೀರನ್ನು ಧೋ ಎಂದು ಸುರಿಸಿತು. ಜನ ಕೇಕೆ ಹಾಕಿದರು. ಗುತ್ತಿಗೆದಾರ ಬಿರಡೆಯನ್ನು ಜೇಬಿಗೆ ಹಾಕಿಕೊಂಡು ತಾನೇ ಮೊದಲ ಬೊಗಸೆ ಕುಡಿದ.

"ಕೊನೇ ಡಬ್ಬಿ ಯಾರದ್ದಮ್ಮಾ?" ಅವಳ ಹಿಂದೆಯೇ ಏರು ಹತ್ತಿ ಬಂದಿದ್ದ ಕ್ಷೌರಿಕ ಬಿಡಲಿಲ್ಲ. "ನಿನ್ನ ಕೂಗು ಇಲ್ಲಿಗೂ ಕೇಳಿಸ್ತಂತೆ."

ಅವಳು ಡಬ್ಬಿಯನ್ನು ಬೆನ್ನ ಹಿಂದೆ ಸರಿಸಿದಳು. ಅಷ್ಟರಲ್ಲಿ ಅವಳ ಅಮ್ಮ, "ಅಯ್ಯೋ, ಇದು ನಮ್ಮನೇದಲ್ವೇನೇ!" ಎಂದುಬಿಟ್ಟಳು.

"ನಾನೇ ಇಟ್ಟಿದ್ದು," ಎಂದಳು ನೀರುಗಂಟಿ.

ಅತ್ತೆ ಕುಂಟುತ್ತ ಹೋಗಿ ಡ್ರಮ್ಮನ್ನು ಉರುಳಿಸಿಕೊಂಡು ಬಂದು ಸೊಸೆಯ ಮುಂದೆ ನಿಲ್ಲಿಸಿದಳು.

"ಶುರು ಮಾಡು. ನಾನು ಕೂತ್ಕೊಂಡು ನೋಡ್ತೀನಿ."