ತೆಂಗಿನ ನಾರಿನ ರಾಕ್ಷಸ

ಮಹಾಲಿಂಗಯ್ಯ ಹೆಣದ ಮುಖಕ್ಕೆ ಸುತ್ತಿದ ಟವೆಲ್ಲಿನ ಎರಡನೇ ಗಂಟು ಬಿಗಿಯುವಷ್ಟರಲ್ಲಿ ಚಿಕ್ಕಮಾರಮ್ಮ ಅವನ ಕೈ ಹಿಡಿದುಕೊಂಡಳು.

"ಬುಡು ಮಾಲಿಂಗಪ್ಪ. ಕಟ್ಬೇಡ."

ಆಗಷ್ಟೇ ಹೆಣಕ್ಕೆ ನೀರು ಹಾಕಿ, ಹೊಸ ಪಂಚೆ ಉಡಿಸಿ, ಹಜಾರದ ಚಾಪೆಯ ಮೇಲೆ ಮಲಗಿಸಿದ್ದರು. ಸತ್ತವನು ಅವಳ ಗಂಡ ಮೂಡಲಗಿರಿಯಪ್ಪ. ಮಹಾಲಿಂಗಯ್ಯ ಅವನ ಚಿಕ್ಕಪ್ಪನ ಮಗ. ಕೋರ ಹಳ್ಳಿಯಿಂದ ಬಂದವನು ಬೆಳಗಿನಿಂದ ಶಾಸ್ತ್ರಗಳನ್ನೆಲ್ಲ ಮುಂದೆ ನಿಂತು ಮಾಡಿಸುತ್ತಿದ್ದ.

"ಅತ್ತಿಗೆ, ನಮ್ಮಣ್ಣ ಬದುಕಿದ್ದಾಗ್ಲೇ ಟವೆಲ್ ತೆಗ್ದು ಓಡಾಡ್ದೋನಲ್ಲ. ಈಗ ತೆಗುದ್ರೆ ಹೆಣ್ಮಕ್ಳು ಹೆದರ್ಕತಾರೆ."

"ಮುಖ ನೋಡ್ದೆ ಹೆಂಗ್ ಮಣ್ಣು ಮಾಡ್ತೀರ? ಬಾಯಿಗೆ ಅಕ್ಕಿ ಹಾಕೋದು ಟವೆಲ್ ಮೇಲಾ?"

"ಒಂಚೂರು ಸರಿಸಿ ಹಾಕುದ್ರಾಯ್ತು" ಅಂದ ಮಗ ರವಿಕಿರಣ್, ಬಾಗಿಲ ಬಳಿಯಿಂದ. ಹೈಸ್ಕೂಲ್ ಮೇಷ್ಟ್ರು. ಅಪ್ಪನ ಮುಖದ ಕಡೆ ನೋಡದೆಯೇ ಮಾತಾಡಿದ. "ಅಪ್ಪನ ಮರ್ಯಾದೆ ಕಣವ್ವ. ಹಂಗೇ ಇರ್ಲಿ."

ಮರ್ಯಾದೆಯಂತೆ! ಚಿಕ್ಕಮಾರಮ್ಮ ಮಗನನ್ನು ದುರುಗುಟ್ಟಿ ನೋಡಿದಳು. ಎಡಗೆನ್ನೆ, ಕಿವಿ, ಅರ್ಧ ತುಟಿ ಸುಟ್ಟು ಮುದುರಿಕೊಂಡಿದ್ದ ಮುಖ ಅದು. ಆಲೆಮನೆಯಲ್ಲಿ ಕುದಿಯುವ ಬೆಲ್ಲದ ಪಾಕ ಮುಖಕ್ಕೆ ಬಿತ್ತು ಅಂತ ಅವನು ಊರಿಗೆಲ್ಲ ಹೇಳಿಕೊಂಡಿದ್ದ. ಮಗನಿಗೂ ಅದೇ ಕತೆ. ರವಿಕಿರಣ್ ಚಿಕ್ಕವನಿದ್ದಾಗ ಒಮ್ಮೆ ಆ ಮುಖ ಕಂಡು ಕಿರುಚಿ ಓಡಿಹೋಗಿದ್ದ. ಅವತ್ತಿನಿಂದ ಅಪ್ಪ ಮನೆಯೊಳಗೂ ಟವೆಲ್ ಬಿಚ್ಚಲಿಲ್ಲ. ಉಣ್ಣುವಾಗ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ಆ ಮುಖವನ್ನು ನೋಡಿಕೊಂಡು ಬಾಳಿದವಳು ಇವಳೊಬ್ಬಳೇ. ಮಣ್ಣು ಮುಚ್ಚುವ ಮೊದಲು ನಾಲ್ಕು ಜನ ಅದನ್ನು ಮನುಷ್ಯನ ಮುಖ ಅಂತ ಕಣ್ತುಂಬ ನೋಡಲಿ ಅನ್ನುವುದೊಂದೇ ಅವಳ ಆಸೆ. ಯಾಕಿಷ್ಟು ಹಟ ಅಂತ ಕೇಳಿದರೆ ಬಾಯಿ ಬಿಡುವ ಹಾಗಿಲ್ಲ. ಗಂಡನಿಗೆ ಭಾಷೆ ಕೊಟ್ಟಿದ್ದಳು.

ಮಹಾಲಿಂಗಯ್ಯ ಮೆಲ್ಲಗೆ ಅವಳ ಕೈ ಬಿಡಿಸಿಕೊಂಡು ಗಂಟು ಬಿಗಿದ.

*

ಹೆಣವನ್ನು ಶಾಮಿಯಾನದ ಕೆಳಗೆ ತಂದು ಮಲಗಿಸುವ ಹೊತ್ತಿಗೆ ಫ್ಲೆಕ್ಸ್ ಬಂತು. ಈಗೆಲ್ಲ ಗೇಟಿನ ಪಕ್ಕ ಫ್ಲೆಕ್ಸ್ ನಿಲ್ಲಿಸದಿದ್ದರೆ ಸತ್ತವರು ಸತ್ತ ಲೆಕ್ಕಕ್ಕೇ ಬರುವುದಿಲ್ಲ ನೋಡಿ. ಉಪ್ಪಾರಹಳ್ಳಿಯ ಆ ಬೀದಿಯೂ ಅದಕ್ಕೆ ಹೊರತಲ್ಲ. ಹೊಡೆಸಿದವಳು ಮೊಮ್ಮಗಳು ಮೋನಿಕಾ, ರವಿಕಿರಣನ ಮಗಳು. ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ. ಮನೆಯಲ್ಲಿದ್ದ ತಾತನ ಫೋಟೊಗಳಲ್ಲೆಲ್ಲ ಟವೆಲ್ಲೇ ಇತ್ತು. ಪಾಪ, ಹುಡುಗಿ ಯೋಚನೆ ಮಾಡಿ ಬೇರೆಯದೇ ಫೋಟೊ ಹಾಕಿಸಿದ್ದಳು.

ಕಪ್ಪು ಬಿಳುಪಿನ ಚಿತ್ರ. ಮೈಯೆಲ್ಲ ಜೂಲು, ಕೋರೆಹಲ್ಲು, ಎರಡೂ ಕೈ ಮೇಲೆತ್ತಿ ನಿಂತ ರಾಕ್ಷಸ. ಕೆಳಗೆ, 'ಭಾವಪೂರ್ಣ ಶ್ರದ್ಧಾಂಜಲಿ. ಕಲಾವಿದ ಮೂಡಲಗಿರಿಯಪ್ಪ.'

ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಪಕ್ಕದ ಮನೆಯ ಪುಟ್ಟರಂಗಯ್ಯ ಕನ್ನಡಕ ಏರಿಸಿ ನೋಡಿದ.

"ಇದೇನಮ್ಮಿ, ನಿಮ್ ತಾತುಂಗೆ ಯಾವಾಗ ಕೋರೆಹಲ್ಲು ಬಂದ್ವು?"

"ಹಳೇ ಪಿಚ್ಚರ್ ತಾತ, ಕಾಮಿಡಿ" ಅಂದಳು ಮೋನಿಕಾ, ಕಣ್ಣೊರೆಸಿಕೊಂಡು. "ಪಾಳುಬಂಗ್ಲೆಲಿ ಒಬ್ಬೊಬ್ರೇ ಮಾಯ ಆಗ್ತಿರ್ತಾರೆ. ಎಲ್ಲಾ ಈ ರಾಕ್ಷಸಂದೇ ಕೆಲ್ಸ ಅಂತ ಹೆದರ್ಕೊಂಡಿರ್ತಾರೆ. ಲಾಸ್ಟಲ್ಲಿ ಹೀರೋ ಮುಖವಾಡ ಕಿತ್ರೆ ಒಳ್ಗಡೆ ಜಮೀನ್ದಾರ್ರ ಶಾನುಭೋಗ! ಆದ್ರೆ ಅದೊಂದು ಸೀನ್ ಮಾತ್ರ ಶಾನುಭೋಗನ ಪಾರ್ಟಿನ ಆಕ್ಟರ್ರು. ಮಿಕ್ಕಿದ್ದು ಪೂರ್ತಿ ಒಳ್ಗಡೆ ಇದ್ದಿದ್ದು ನಮ್ ತಾತ. ತಾತನೇ ನಂಗೆ ಹೇಳಿದ್ದು."

"ಅಂದ್ರೆ ಮುಖ ಒಂದ್ಸಲನೂ ಕಾಣಲ್ವಾ?"

"ಇಲ್ಲ."

"ತೋರ್ಸು ಮತ್ತೆ, ನೋಡನ."

ಮೋನಿಕಾ ಫೋನು ತೆಗೆದಳು. ರಾಕ್ಷಸನ ಬಾಲಕ್ಕೆ ಬೆಂಕಿ ಹತ್ತಿ ಅವನು ಓಡುವ ದೃಶ್ಯ. ಎಲ್ಲರ ಫೋನಿನಲ್ಲೂ ಆಗಾಗ ಓಡಾಡುವ ತುಣುಕು ಅದು. ಒಳಗಿದ್ದವನು ಇವನೇ ಅಂತ ಬೀದಿಯವರಿಗೆ ಗೊತ್ತಿರಲಿಲ್ಲ, ಅಷ್ಟೇ. ಪೀಪೀ ಡುಮ್ ಡುಮ್ ಅನ್ನುವ ಕುಣಿತದ ಸಂಗೀತ ಶುರುವಾಯಿತು. ಹೆಣದ ತಲೆಯ ಬಳಿ ಕುಳಿತಿದ್ದ ಚಿಕ್ಕಮಾರಮ್ಮ ಗಂಡನ ಟವೆಲ್ಲಿನ ಅಂಚು ಹಿಡಿದುಕೊಂಡಳು.

*

ಗುಬ್ಬಿಯ ಟೆಂಟ್ ಸಿನಿಮಾದಲ್ಲಿ ಆ ಸಂಗೀತವನ್ನು ಮೊದಲ ಸಲ ಕೇಳಿದಾಗ ಅವಳು ಬಸುರಿ, ಹೊಟ್ಟೆಯಲ್ಲಿ ರವಿಕಿರಣ್. ಗಂಡ ಆಸ್ಪತ್ರೆಯಿಂದ ಬಂದು ಕೆಲವು ತಿಂಗಳಾಗಿತ್ತು. ಮುಖಕ್ಕೆ ಟವೆಲ್ ಸುತ್ತಿಕೊಂಡು ಅವಳ ಪಕ್ಕ ಮರಳಿನ ಮೇಲೆ ಕೂತಿದ್ದ.

ನಾಟಕದ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದ ಆಳು ಅವನು, ಆಳೆತ್ತರಕ್ಕಿಂತ ಒಂದು ಗೇಣು ಹೆಚ್ಚು. ಕುಣಿಗಲ್ ಕೆರೆಯ ಹತ್ತಿರ ಶೂಟಿಂಗಿಗೆ ಬಂದವರು ಅವನ ಎತ್ತರ ನೋಡಿಯೇ ಕರೆದುಕೊಂಡರು. ಮದ್ರಾಸಿನಿಂದ ಬರಬೇಕಿದ್ದ ವೇಷ ಬರಲಿಲ್ಲ. ಕೆಲಸ ಎಲ್ಲಿ ತಪ್ಪಿಹೋಗುತ್ತದೋ ಅನ್ನುವ ಆತುರದಲ್ಲಿ ಮೂಡಲಗಿರಿಯಪ್ಪನೇ, "ನಮ್ ಕಡೆ ತೆಂಗಿನ್ ನಾರಿಗೇನ್ ಬರ ಸ್ವಾಮಿ?" ಅಂದ. ತಾನೇ ಹೊರೆ ಹೊತ್ತು ತಂದು ತಾನೇ ಕೂತು ಹೊಲಿಸಿದ. ಒಣ ನಾರಿಗೆ ಕಿಡಿ ತಾಗಿದರೆ ಏನಾಗುತ್ತದೆ ಅಂತ ಆ ಸೀಮೆಯಲ್ಲಿ ಒಲೆ ಹಚ್ಚುವ ಎಲ್ಲರಿಗೂ ಗೊತ್ತು. ಅವನಿಗೂ ಗೊತ್ತಿತ್ತು.

ಹಾಸ್ಯದ ನಟ ಪಂಜು ಹಿಡಿದು ಅಟ್ಟಿಸಿಕೊಂಡು ಬರಬೇಕು, ರಾಕ್ಷಸ ಹೆದರಿ ಕುಣಿದು ಓಡಬೇಕು, ಅದು ದೃಶ್ಯ. ಪಂಜು ಬಾಲಕ್ಕೆ ತಾಗಿ ಉರಿ ಮುಖವಾಡದವರೆಗೂ ಏರಿತು. ಮುಖವಾಡದ ಬಾಯಿ ಹೊಲಿದುಬಿಟ್ಟಿದ್ದರು. ಒಳಗಿನ ಕೂಗು ಹೊರಗೆ ಬರಲಿಲ್ಲ. ಎಂಥ ಆಕ್ಟಿಂಗು ಅಂದುಕೊಂಡವರು ಕ್ಯಾಮೆರಾ ನಿಲ್ಲಿಸಲೇ ಇಲ್ಲ. "ಓಡು, ಭೇಷ್, ಓಡು!" ಅಂತ ಕೂಗಿದರು. ಅವನು ಓಡಿ ಕೆರೆಗೆ ಬಿದ್ದ.

ಆ ಓಟ ಪರದೆಯ ಮೇಲೆ ಬಂದಾಗ ಟೆಂಟಿಗೆ ಟೆಂಟೇ ಬಿದ್ದು ಬಿದ್ದು ನಕ್ಕಿತು. ಚಿಕ್ಕಮಾರಮ್ಮ ಎದ್ದುಬಿಡಲು ಹೊರಟಳು. ಗಂಡ ಮಣಿಕಟ್ಟು ಹಿಡಿದು ಕೂರಿಸಿದ. ಟವೆಲ್ಲಿನೊಳಗೆ ಅವನೂ ನಗುತ್ತಿದ್ದ.

"ನೋಡ್ದಾ, ಹೆಂಗ್ ನಕ್ರು ಜನ!" ಅಂದ, ಮನೆಯ ದಾರಿಯಲ್ಲಿ.

"ಅಲ್ಲಿ ನೀವು ಸುಟ್ಟೋಗ್ತಿದ್ರಿ."

"ಯಾರ್ಗೂ ಹೇಳ್ಬೇಡ ಕಣೇ. ಗೊತ್ತಾದ್ರೆ ಯಾರೂ ನಗಲ್ಲ. ನಾನು ಸುಟ್ಕೊಂಡಿದ್ದು ದಂಡ ಆಗೋಯ್ತದೆ."

ಅವಳು ಅಳುತ್ತಲೇ ಅವನ ಕೈಮೇಲೆ ಕೈಯಿಟ್ಟು ಭಾಷೆ ಕೊಟ್ಟಳು.

*

ಫೋನು ಕೈಯಿಂದ ಕೈಗೆ ಹೋಗುತ್ತಿತ್ತು. ಮುಗಿದಂತೆ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. "ಅಯ್ಯೋ, ಹೆಂಗ್ ಕುಣ್ಕಂಡು ಓಡ್ತಾನೆ ನೋಡ್ರವ್ವ!" ಅಂತ ದೊಡ್ಡಗಂಗಮ್ಮ ಹೊಟ್ಟೆ ಹಿಡಿದುಕೊಂಡಳು. ಬೆಳಗಿನಿಂದ ಎದೆ ಬಡಿದುಕೊಂಡು ಅತ್ತ ನಾದಿನಿ ಅವಳು. ರವಿಕಿರಣನ ಮುಖದಲ್ಲೂ ನಗು ಕಾಣಿಸಿತು.

ಮಗನೂ ನಕ್ಕ. ಚಿಕ್ಕಮಾರಮ್ಮನಿಗೆ ಇನ್ನು ತಡೆಯಲಾಗಲಿಲ್ಲ.

"ಅವ್ರು ಕುಣೀತಿಲ್ಲ" ಅಂದಳು. "ಉರೀತಾವ್ರೆ."

ಯಾರಿಗೂ ಅರ್ಥವಾಗಲಿಲ್ಲ.

"ನಾರಿನ್ ವೇಷ ಅದು. ನಿಜ್ವಾಗ್ಲೂ ಹತ್ಕೊಂಡಿತ್ತು. ಆಲೆಮನೆನೂ ಇಲ್ಲ, ಬೆಲ್ಲನೂ ಇಲ್ಲ. ನೀವು ನೋಡಿ ನಗ್ತಿದೀರಲ್ಲ, ಆಗ್ಲೇ ಈ ಮುಖ ಸುಟ್ಟಿದ್ದು."

ನಗು ನಿಂತಿತು. ಸಂಗೀತ ಮಾತ್ರ ನಿಲ್ಲಲಿಲ್ಲ. ಮೋನಿಕಾ ಫೋನು ಕಿತ್ತುಕೊಂಡು ಅದರ ಮೇಲೆಲ್ಲ ಬೆರಳೊತ್ತಿದಳು; ಅದು ಇನ್ನೂ ಜೋರಾಯಿತು. ಕೊನೆಗೆ ಹೊಟ್ಟೆಗೆ ಅವುಚಿಕೊಂಡು ಕೂತುಬಿಟ್ಟಳು.

ಚಿಕ್ಕಮಾರಮ್ಮ ಗಂಡನ ಕಿವಿಯ ಹತ್ತಿರ ಬಗ್ಗಿದಳು. "ಮಾತು ಮುರುದ್ಬುಟ್ಟೆ. ಕೋಪ ಮಾಡ್ಕಬ್ಯಾಡಿ." ಇನ್ನು ಈ ಜನ ಯಾರೂ ಆ ಓಟ ನೋಡಿ ನಗುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಅವನು ಉಳಿಸಿಕೊಂಡಿದ್ದ ಒಂದೇ ಒಂದನ್ನು ಅವಳೇ ಕಿತ್ತುಕೊಂಡಿದ್ದಳು.

ರವಿಕಿರಣ್ ಬಂದು ಅಪ್ಪನ ಪಕ್ಕ ಮಂಡಿಯೂರಿದ. ಮಹಾಲಿಂಗಯ್ಯನ ಗಂಟು ಬಿಗಿಯಾಗಿತ್ತು. ಉಗುರು ಹಾಕಿ ಬಿಚ್ಚಬೇಕಾಯಿತು. ಟವೆಲ್ ತೆಗೆದು ಮುಖ ನೋಡಿದ. ಈ ಸಲ ಓಡಲಿಲ್ಲ. ನಾಲ್ಕು ಕಾಳು ಅಕ್ಕಿ ಬಾಯಿಗಿಟ್ಟ. ಸುಟ್ಟ ತುಟಿಯ ಕಡೆಯಿಂದ ಕಾಳುಗಳು ಜಾರಿ ಕುತ್ತಿಗೆಯ ಮೇಲೆ ಬಿದ್ದವು. ಆರಿಸಿ ಮತ್ತೆ ಇಟ್ಟ. ಮತ್ತೆ ಜಾರಿದವು.

"ಅಪ್ಪಾ" ಅಂದವನೇ ಮಕ್ಕಳ ಹಾಗೆ ಅತ್ತುಬಿಟ್ಟ.

"ಮುಖ ನೋಡೋರು ಬಂದು ನೋಡ್ಕೊಳ್ರಪ್ಪಾ" ಅಂತ ಮಹಾಲಿಂಗಯ್ಯ ಕೂಗಿದ. ಮೊದಲು ಯಾರೂ ಏಳಲಿಲ್ಲ. ಆಮೇಲೆ ಪುಟ್ಟರಂಗಯ್ಯ ಬಂದ. ದೊಡ್ಡಗಂಗಮ್ಮ ಬಂದು ಅಣ್ಣನ ಕಾಲು ಹಿಡಿದುಕೊಂಡಳು. ಕೆಲವರು ದೂರದಿಂದಲೇ ಕೈಮುಗಿದು ಮುಖ ತಿರುಗಿಸಿದರು. ಮೋನಿಕಾ ತಾತನ ಎಡಗೆನ್ನೆಯ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ತೆಗೆಯಲಿಲ್ಲ.

ಚಟ್ಟ ಎತ್ತುವ ಮುಂಚೆ ಚಿಕ್ಕಮಾರಮ್ಮ ಟವೆಲ್ ಹಿಡಿದು ಗೇಟಿನ ಬಳಿ ಬಂದಳು. "ಅಮ್ಮಿ, ಆ ಕುರ್ಚಿ ತಗಂಬಾ" ಅಂದಳು. ಮೋನಿಕಾ ಕುರ್ಚಿ ಹತ್ತಿ ಫ್ಲೆಕ್ಸಿನ ಚೌಕಟ್ಟಿಗೆ ಟವೆಲ್ ಸುತ್ತಿದಳು. ಕಣ್ಣು, ಕೋರೆಹಲ್ಲು ಎಲ್ಲ ಮುಚ್ಚಿತು.

"ಇನ್ನೊಂದ್ ಗಂಟು ಹಾಕು" ಅಂದಳು ಅಜ್ಜಿ.

ತಮಟೆ ಶುರುವಾಯಿತು. ಟವೆಲ್ ಕಟ್ಟಿಕೊಂಡ ರಾಕ್ಷಸನ ಮುಂದೆ, ಬಿಸಿಲಿಗೆ ಮುಖ ಬಿಟ್ಟುಕೊಂಡು, ಮೂಡಲಗಿರಿಯಪ್ಪ ಬೀದಿಗೆ ಹೊರಟ.